ಕಿವಿಯ ಹಿಂದೆ ಕಾಡಿಗೆ ಬೊಟ್ಟು

"ಏನೂ ತಿನ್ನವಲ್ಲ ನೋಡ್ರಿ ಬಾಯಾರ."

ಈ ಮಾತನ್ನು ಇಂಡಿಯಲ್ಲಿ ಕೇಳಿದೆ, ಸಿಂದಗಿಯಲ್ಲಿ ಕೇಳಿದೆ, ಮುದ್ದೇಬಿಹಾಳದಲ್ಲಿ ಕೇಳಿದೆ, ಬಸವನ ಬಾಗೇವಾಡಿಗೆ ಬರುವಷ್ಟರಲ್ಲಿ ಕೇಳಿ ಕೇಳಿ ಸಾಕಾಗಿತ್ತು. ಚಡಚಣದ ಅಂಗಡಿಕಾರರ ಸೊಸೆಯಂದಿರು ಅದಕ್ಕೆ ನಾಲ್ಕು ಮರಾಠಿ ಮಾತು ಬೆರೆಸಿ ಹೇಳಿದರು. ನಾಲತವಾಡದ ಸಂತೆಗೆ ಬಂದ ಕುರಿಗಾರರ ಹೆಂಗಸರು ಕೂಸಿನ ಗಲ್ಲ ತಿವಿದು ಹೇಳಿದರು. ಕಡ್ಡಿಯಂತಹ ಕೂಸನ್ನು ಎತ್ತಿಕೊಂಡವಳ ಬಾಯಲ್ಲೂ ಅದೇ, ಹೊರಲಾರದಷ್ಟು ದುಂಡಗಿನ ಕೂಸನ್ನು ಎತ್ತಿಕೊಂಡು ಏದುಸಿರು ಬಿಡುತ್ತಿದ್ದವಳ ಬಾಯಲ್ಲೂ ಅದೇ. ಪೆನ್ನು ಹಿಡಿದು ಕೂತ ನಾನು ಬರೆದುಕೊಳ್ಳುವುದಾದರೂ ಏನನ್ನು?

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಒಂದು ಜೀಪು, ಅದರ ಡ್ರೈವರ್, ಒಬ್ಬರು ನರ್ಸಬಾಯಿ ಮತ್ತು ನಾನು, ಇಷ್ಟೇ ಜನ ಸೇರಿ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಮಕ್ಕಳ ತಪಾಸಣೆ ಮಾಡುತ್ತಿದ್ದೆವು. ರೋಗ ಬಂದ ಮೇಲೆ ಔಷಧ ಕೊಡುವ ಕೆಲಸವಲ್ಲ, ಬರುವ ಮೊದಲೇ ಅದನ್ನು ಹುಡುಕುವ ಕೆಲಸ. ಜ್ವರವಿಲ್ಲ, ಕೆಮ್ಮಿಲ್ಲ, ಆಡಿಕೊಂಡಿರುವ ಕೂಸನ್ನು ಡಾಕ್ಟರ ಮುಂದೆ ಯಾಕೆ ಒಯ್ಯಬೇಕು ಎಂದು ಜನ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆಯೇ. ಊರಿನ ಚಾವಡಿಯ ಮುಂದಿನ ಬೇವಿನ ಟೊಂಗೆಗೆ ಗಡಿಯಾರದಂತೆ ಮುಳ್ಳಿದ್ದ ತೂಗುಯಂತ್ರ ಕಟ್ಟುವುದು, ಅದರ ಕೊಕ್ಕೆಗೆ ದಪ್ಪ ಬಟ್ಟೆಯ ಜೋಳಿಗೆ ಹಾಕಿ ಕೂಸನ್ನು ಕೂಡಿಸುವುದು, ದೊಡ್ಡ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಮಾಡುವುದು, ಕಣ್ಣಿನ ಕೆಳರೆಪ್ಪೆ ಎಳೆದು ರಕ್ತ ಎಷ್ಟಿದೆ ನೋಡುವುದು, ಸಂಜೆ ಮಸುಕಾದ ಮೇಲೆ ಕಣ್ಣು ಕಾಣದೆ ತಡವರಿಸುತ್ತಾರೇನು ಎಂದು ವಿಚಾರಿಸುವುದು. ಎಲ್ಲ ಮುಗಿದ ಮೇಲೆ ತಾಯಿಗೆ ಕೊನೆಯ ಪ್ರಶ್ನೆ: ಕೂಸು ದಿನಕ್ಕೆ ಏನೇನು ತಿನ್ನುತ್ತದೆ?

ಉತ್ತರ ಮೇಲೆ ಹೇಳಿದ್ದೇ, ಕೂಸು ಏನೂ ತಿನ್ನಲೊಲ್ಲದು. ನಾನು ಮುದ್ದೇಬಿಹಾಳದಲ್ಲೇ ಹುಟ್ಟಿದವಳು, ನನಗೆ ಅದರ ಒಳಗುಟ್ಟು ತಿಳಿಯದ್ದೇನಲ್ಲ. ಕೂಸು ಚೆನ್ನಾಗಿ ಉಂಡಿತು ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ. ನನ್ನ ಅವ್ವನೂ ನಾನು ನಾಲ್ಕನೆಯ ಹೋಳಿಗೆಗೆ ಕೈಹಾಕಿದಾಗಲೇ ನೆರೆಮನೆಯವಳಿಗೆ "ಏನೂ ತಿನ್ನವಲ್ಲಳು" ಎಂದವಳು. ಹೊರಗಿನವರ ಮುಂದೆ ಆಡುವ ಮರ್ಯಾದೆಯ ಸುಳ್ಳು ಅದು ಎಂದು ನಾನು ತಿಳಿದಿದ್ದೆ. ಹಾಗಾಗಿ ಉತ್ತರಕ್ಕೆ ಕಿವಿಗೊಡುವುದನ್ನು ಬಿಟ್ಟು ಕೂಸಿನ ತೋಳು ಹಿಸುಕಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದೆ.

ಹೂವಿನ ಹಿಪ್ಪರಗಿಯಿಂದ ಸ್ವಲ್ಪ ದೂರದ ಒಂದು ಊರು. ಸಂಕ್ರಾಂತಿ ಕಳೆದು ಎರಡು ವಾರವಾಗಿತ್ತು. ಬೇವಿನ ಕೆಳಗೆ ಕೂಸುಗಳ ಜಾತ್ರೆಯೇ ನೆರೆದಿದ್ದಾಗ ಜನ ತಾವಾಗಿ ದಾರಿ ಬಿಟ್ಟರು. ವಾಡೆಯ, ಎಂದರೆ ಊರ ಗೌಡರ ದೊಡ್ಡಮನೆಯ, ಆಳುಮಗ ಹೆಗಲ ಮೇಲೆ ಒಬ್ಬ ಹುಡುಗನನ್ನು ಹೊತ್ತು ಬಂದ. ಹಿಂದೆ ವಾಡೆಯ ಹಿರಿಯಾಕೆ, ಊರೆಲ್ಲ ಆಯಿ ಎಂದು ಕರೆಯುತ್ತಿದ್ದ ಎತ್ತರದ ಮುದುಕಿ, ಇಳಕಲ್ ಸೀರೆಯ ಸೆರಗು ತಲೆತುಂಬ ಹೊದ್ದು ಬಂದರು. ಹುಡುಗ ಅವರ ಮೊಮ್ಮಗ, ಏಳು ತುಂಬಿತ್ತು. ಇಳಿಸಿದ ಕೂಡಲೇ ಆಳುಮಗ ಸೊಂಟ ಹಿಡಿದುಕೊಂಡು ಬೇವಿಗೆ ಒರಗಿದ.

"ಇಂವ ನಡಿಯಾಕ ಒಲ್ಲೆ ಅಂತಾನವಾ. ನಾಕ ಹೆಜ್ಜಿ ಇಟ್ರ ಬೀಳ್ತಾನ. ಸಾಲಿಗೂ ಹೊತ್ತಕೊಂಡ ಹೋಗಬೇಕಾಗೈತಿ," ಎಂದರು ಆಯಿ. "ಕಾಲಾಗ ಶಕ್ತಿ ಇಲ್ಲ. ಮೈ ತುಂಬೂವಂಥಾದು ಒಂದು ಟಾನಿಕ್ ಕೊಡ್ರಿ."

ಮೈ ತುಂಬುವ ಟಾನಿಕ್! ನಮ್ಮ ತೂಗುಯಂತ್ರದ ಜೋಳಿಗೆಯಲ್ಲಿ ಆ ಹುಡುಗನ ಒಂದು ಕಾಲು ಮಾತ್ರ ಹಿಡಿಯಿತು. ನರ್ಸಬಾಯಿ ಹಿಂದೆಮುಂದೆ ನೋಡದೆ ಎದುರಿನ ಅಂಗಡಿಯಿಂದ ಜೋಳ ತೂಗುವ ತಕ್ಕಡಿ ತರಿಸಿದರು. ಒಂದು ತಟ್ಟೆಯಲ್ಲಿ ಹುಡುಗ, ಇನ್ನೊಂದರಲ್ಲಿ ಇಪ್ಪತ್ತು ಕಿಲೋದ ಎರಡು ಕಲ್ಲು. ಕಲ್ಲುಗಳೇ ಮೇಲೆದ್ದವು. ನೆರೆದ ಹೆಂಗಸರು ಬಾಯಿಗೆ ಸೆರಗು ಹಿಡಿದರು.

ಎತ್ತರ ನೋಡಿದೆ. ದಪ್ಪಗಿದ್ದು ಗಿಡ್ಡಗಿರುವ ಮಗುವಾದರೆ ಗ್ರಂಥಿಯ ದೋಷವೇನೋ ಎಂದು ಹುಡುಕಬೇಕು. ಇವನು ವಯಸ್ಸಿಗಿಂತ ಒಂದಿಷ್ಟು ಎತ್ತರವೇ ಇದ್ದ, ಹಾಗಾಗಿ ಇದು ಬಹುಮಟ್ಟಿಗೆ ಊಟದ್ದೇ. ಮೂತ್ರವನ್ನು ನೀಲಿ ದ್ರಾವಣದಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದೆ; ಬಣ್ಣ ಬದಲಾಗದೆ ನೀಲಿಯಾಗಿಯೇ ಉಳಿಯಿತು, ಸಕ್ಕರೆ ಇಲ್ಲ. ನಿಟ್ಟುಸಿರು ಬಿಟ್ಟೆ. ಆದರೆ ಮೊಣಕಾಲುಗಳನ್ನು ಕೂಡಿಸಿ ನಿಲ್ಲಿಸಿದಾಗ ಎರಡು ಹಿಮ್ಮಡಿಗಳ ನಡುವೆ ನನ್ನ ಗೇಣು ಸಲೀಸಾಗಿ ಹಿಡಿಯಿತು. ನಡೆಯುವಾಗ ಮೊಣಕಾಲಿಗೆ ಮೊಣಕಾಲು ಬಡಿದು ಎಡವುತ್ತಿದ್ದ. ಶಕ್ತಿ ಕಡಿಮೆಯಾಗಿ ಅಲ್ಲ, ಭಾರ ಹೆಚ್ಚಾಗಿ ಎಳೆಯ ಎಲುಬು ಸೊಟ್ಟಗಾಗುತ್ತಿತ್ತು.

"ಊಟ ಏನು ಮಾಡ್ತಾನ್ರಿ?"

"ಏನೂ ತಿನ್ನವಲ್ಲವಾ."

ನನಗೆ ರೇಗಿತು. "ಆಯಿ, ಇವಗ ಟಾನಿಕ್ ಬ್ಯಾಡ್ರಿ. ಊಟ ಕಡಿಮಿ ಮಾಡ್ರಿ," ಎಂದೆ, ಅಷ್ಟೂ ಜನರ ಮುಂದೆ.

ಆಯಿ ಸೆರಗು ಸರಿಪಡಿಸಿಕೊಂಡರು. "ನಮ್ಮ ಮನ್ಯಾಗ ದುಡಿಯೂ ಆಳಿಗೂ ಉಂಡಿದ್ದ ಸಾಕು, ಏಳು ಅಂತ ಇವತ್ತಿನ ತನಕ ಅಂದಿಲ್ಲವಾ. ಮೊಮ್ಮಗಗ ಅನ್ನು ಅಂತೀಯೇನು? ಅದೂ ಜ್ವಾಳದ ತಕ್ಕಡ್ಯಾಗ ಕೂಡಿಸಿ?" ಎಂದು ಆಳುಮಗನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಅವನು ಮತ್ತೆ ಸೊಂಟ ಕಟ್ಟಿ ಹುಡುಗನನ್ನು ಹೊತ್ತ.

ಹುಡುಗನ ಅಪ್ಪ ಮಾತ್ರ ಆಮೇಲೆ ಬಂದು ನನ್ನಿಂದ ಚೀಟಿ ಬರೆಸಿಕೊಂಡು ಮಗನನ್ನು ಸೊಲ್ಲಾಪುರದ ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ದರು. ಕ್ಷಕಿರಣದ ಚಿತ್ರ ತೆಗೆದು ಆ ಡಾಕ್ಟರು ಹೇಳಿದ್ದು ಇಷ್ಟು: ಒಂದು ವರ್ಷ ನೋಡೋಣ, ಭಾರ ಹೀಗೇ ಏರಿದರೆ ಎರಡೂ ಕಾಲಿನ ಎಲುಬು ಕತ್ತರಿಸಿ ನೇರ ಕೂಡಿಸಬೇಕಾಗುತ್ತದೆ. ಅಪ್ಪ ಮನೆಯಲ್ಲಿ ಇದನ್ನು ಹೇಳಿದಾಗ ಆಯಿ ದೇವರ ಕೋಣೆಗೆ ಹೋಗಿ ಕೂತರಂತೆ. ಹೊರಗೆ ಬಂದವರು ಮಾಡಿದ ಮೊದಲ ಕೆಲಸವೆಂದರೆ ಮೊಮ್ಮಗನ ತಾಟಿಗೆ ಇನ್ನೊಂದು ಉಂಡೆ ಬೆಣ್ಣೆ ಹಾಕಿದ್ದು.

ಮುಂದಿನ ತಿಂಗಳು ಅದೇ ಊರಿಗೆ ಹೋದೆವು. ಬೇವು ಇತ್ತು, ತೂಗುಯಂತ್ರ ಇತ್ತು, ಒಂದು ಕೂಸೂ ಇರಲಿಲ್ಲ. ವಾಡೆಯ ಆಳುಮಗ ಎಮ್ಮೆಗೆ ನೀರು ಕುಡಿಸಲು ಬಂದವನು ನನ್ನ ಕಡೆ ನೋಡದೆಯೇ ಹೇಳಿದ: "ತೂಗಿದ ಮರದಿನಾ ಸಣ್ಣ ಗೌಡ್ರಿಗೆ ಜ್ವರಾ ಬಂದ್ವರಿ. ಡಾಕ್ಟರಬಾಯಿ ತೂಗಿದ್ರ ಕೂಸು ಸೊರಗತಾವ ಅಂತ ಊರಾಗ ಮಾತ ಐತ್ರಿ." ನಲವತ್ತು ಕಿಲೋ ಹುಡುಗ ಸೊರಗಿದನೆಂದು ನಾನು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಳಬೇಕಾದ ಕಾರಣವೂ ಇತ್ತು. ಅದೇ ಆಳುಮಗನ ಎರಡು ವರ್ಷದ ಮಗಳ ತೋಳು ಹಿಂದಿನ ಸಲ ನೋಡಿದಾಗ ನನ್ನ ಹೆಬ್ಬೆರಳಿನಷ್ಟಿತ್ತು. ಅವಳನ್ನೂ ಈ ಸಲ ತಂದಿರಲಿಲ್ಲ.

ವಿಜಾಪುರದ ತಿಂಗಳ ಸಭೆಯಲ್ಲಿ ಸಾಹೇಬರು ನನ್ನ ವರದಿ ನೋಡಿ ಕನ್ನಡಕ ಮೇಲೇರಿಸಿದರು. "ನಾವು ಹೊರಟಿರೋದು ಸೊರಗಿದ ಮಕ್ಕಳನ್ನ ಹುಡುಕೋದಕ್ಕೆ. ಉಂಡು ಮೈಬಂದ ಒಬ್ಬ ಗೌಡರ ಮಗನ ಹಿಂದೆ ಜೀಪಿನ ಎಣ್ಣೆ ಸುಡಬೇಡಿ," ಎಂದರು. ನರ್ಸಬಾಯಿಯ ಅಭಿಪ್ರಾಯವೂ ಅದೇ ಆಗಿತ್ತು. ಬರ ಕಂಡು ಇನ್ನೂ ಬಹಳ ವರ್ಷವಾಗಿರದ ಸೀಮೆ ಅದು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆ ಮೊಣಕಾಲುಗಳಿಗೆ ತಾವು ಗೌಡರ ಮನೆಯವು ಎಂದು ಗೊತ್ತಿರಲಿಲ್ಲವಲ್ಲ. ಇನ್ನೊಂದು ಮಾತು, ವಾಡೆಯ ಬಾಗಿಲು ನನಗೆ ಮುಚ್ಚಿದ್ದರೆ ಆ ಊರಿನ ಯಾವ ಬಾಗಿಲೂ ತೆರೆಯುವಂತಿರಲಿಲ್ಲ.

ಹುಡುಗನ ಅಪ್ಪ ಒಂದು ದಿನ ಬಾಗೇವಾಡಿಗೆ ಬಂದು ನನ್ನನ್ನು ಕಂಡರು. "ನನ್ನ ಮಾತ ಹೊಲದಾಗ ನಡೀತೈತ್ರಿ, ಪಂಚಾಯತ್ಯಾಗ ನಡೀತೈತ್ರಿ, ಅಡಗಿ ಮನ್ಯಾಗ ನಡಿಯಂಗಿಲ್ಲ. ನೀವ ಬಂದು ಒಂದಿನಾ ಕೂತ ನೋಡ್ರಿ," ಎಂದರು. ಆ ವಾರ ನಾಲತವಾಡಕ್ಕೆ ಹೋಗಬೇಕಾಗಿದ್ದ ದಿನವನ್ನು ಮುಂದೂಡಿ, ತೂಗುಯಂತ್ರ, ಟೇಪು, ಸ್ಟೆತಾಸ್ಕೋಪು ಎಲ್ಲವನ್ನೂ ಜೀಪಿನಲ್ಲೇ ಬಿಟ್ಟು, ನಾನೊಬ್ಬಳೇ ವಾಡೆಯ ಅಡಿಗೆಮನೆಯ ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತಾ ಕೂತೆ. ಮನೆಗೆ ಬಂದ ಹೆಣ್ಣುಮಗಳನ್ನು ಹೊರಗೆ ಹಾಕುವ ಮನೆ ಅದಲ್ಲ. ಆಯಿ ನನ್ನ ಕಡೆ ನೋಡದೆ ಸೊಸೆಯ ಕೈಯಿಂದ ಚಹಾ ಕೊಡಿಸಿದರು.

ಹುಡುಗ ಎದ್ದು ಬಂದ. ಆಯಿ ಬಿಸಿ ರೊಟ್ಟಿಗೆ ಬೆಣ್ಣೆ ಬಳಿದು, ಶೇಂಗಾ ಚಟ್ನಿಪುಡಿ ಉದುರಿಸಿ ಎರಡು ರೊಟ್ಟಿ ತಿನ್ನಿಸಿದರು. ಅವರು ಪೂಜೆಗೆ ಎದ್ದು ಹೋದರು. ಹಿತ್ತಿಲಿನಿಂದ ಬಂದ ದೊಡ್ಡವ್ವ, ಮನೆಯ ಹಿರಿಯ ಸೊಸೆ, ಕೇಳಿದಳು, "ಕೂಸು ಉಂಡೈತೇನ?" ಒಲೆಯ ಮುಂದಿದ್ದ ಹುಡುಗನ ಅವ್ವ ತಲೆಯೆತ್ತದೆ ಹೇಳಿದಳು, "ಎಲ್ಲಿ ಉಂಡೈತಿ. ಏನೂ ತಿಂದಿಲ್ಲ." ದೊಡ್ಡವ್ವ ಅಯ್ಯೋ ಎಂದು ಕೆನೆಹಾಲಿನಲ್ಲಿ ರೊಟ್ಟಿ ಮುರಿದು ಹಾಕಿ ಬೆಲ್ಲ ಕಲಸಿ ಕೊಟ್ಟಳು. ಅವಳು ಹೋದ ಮೇಲೆ ಹುಡುಗನ ಸೋದರತ್ತೆ ಬಂದಳು, ತವರಲ್ಲೇ ಉಳಿದಿದ್ದ ವಿಧವೆ. "ಉಂಡಾನೇನವಾ?" "ಏನೂ ತಿಂದಿಲ್ಲ." ಹಿಂದಿನ ದಿನದ ಶೇಂಗಾ ಹೋಳಿಗೆ, ಮೇಲೆ ತುಪ್ಪ. ಆಮೇಲೆ ಅವ್ವ ತಾನೇ ಒಲೆ ಬಿಟ್ಟೆದ್ದು, ನನ್ನ ಮಗನಿಗೆ ನಾನಿನ್ನೂ ಏನೂ ಕೊಟ್ಟಿಲ್ಲವಲ್ಲ ಎಂಬ ಸಂಕಟದಿಂದ ಗೋಧಿ ರವೆಯ ಸಜ್ಜಕ ಮಾಡಿ ತಿನ್ನಿಸಿದಳು.

ನನ್ನ ಕೈಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು. ಹೊರಗಿನವರಿಗೆ ಹೇಳುವ ಸುಳ್ಳು ಎಂದು ನಾನು ತಿಳಿದಿದ್ದ ಮಾತನ್ನು ಇವರು ಮನೆಯೊಳಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು! ಉಂಡ ಎನ್ನುವ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಹೊರಡುವಂತಿಲ್ಲ, ಆದ್ದರಿಂದ ಪ್ರತಿಯೊಬ್ಬರ ಲೆಕ್ಕದಲ್ಲೂ ಹುಡುಗ ಸದಾ ಹಸಿದವನೇ. ಒಬ್ಬೊಬ್ಬರೂ ಒಂದೇ ಸಲ ಉಣಿಸುತ್ತಿದ್ದರು. ಯಾರದೂ ಅತಿಯಲ್ಲ, ಎಲ್ಲರದೂ ಪ್ರೀತಿಯೇ. ಊಟ ಕಡಿಮೆ ಮಾಡಿ ಎಂದ ನನ್ನ ಮಾತು ಅವರಲ್ಲಿ ಯಾರಿಗೆ ತಾಗಬೇಕಿತ್ತು?

ಹುಡುಗ ನನ್ನ ಪಕ್ಕ ಬಂದು ಕೂತು ಸುಲಿದ ಶೇಂಗಾಕ್ಕೆ ಕೈ ಹಾಕಿದ. ಅವ್ವ ಒಳಗೆ ಹೋಗಿದ್ದನ್ನು ನೋಡಿ ಪಿಸುಗುಟ್ಟಿದ:

"ಬಾಯಾರ, ನಾ ಆಗಸ್ಟ್ ಹದಿನೈದಕ್ಕ ಪ್ರಭಾತ ಫೇರ್ಯಾಗ ನಡದು ಹೋಗಬೇಕ್ರಿ."

"ಹೋದ ವರ್ಷ ಹೋಗಿರಲಿಲ್ಲೇನು?"

"ಬಂಡ್ಯಾಗ ಕೂಡಿಸಿ ಕಳಿಸಿದ್ರು. ಮಾಸ್ತರು ಭಾರತ ಮಾತಾಕಿ ಅಂದ್ರ ಎಲ್ಲಾರೂ ಜೈ ಅಂದ್ರು. ನಾನೂ ಬಂಡ್ಯಾಗಿಂದ ಭಾರತ ಮಾತಾಕಿ ಅಂದೆ. ಹುಡುಗೋರು ನನ್ನ ಕಡೆ ತಿರುಗಿ ಗಣಪತಿ ಬಪ್ಪಾ ಮೋರ್ಯಾ ಅಂದ್ರು."

ಹೇಳಿ ಅವನು ನಗಲೆತ್ನಿಸಿದ.

ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಹತ್ತಿ ಬಿಡಿಸುತ್ತಿದ್ದರು. ನಾನೂ ಎದುರು ಕೂತೆ. "ಆಯಿ, ಉಂಡಾನ ಅಂತ ಮನ್ಯಾಗೂ ಅನ್ನಬಾರದೇನ್ರಿ?" ಎಂದು ಮೆಲ್ಲಗೆ ಕೇಳಿದೆ.

ಆಯಿ ಹತ್ತಿ ಬಿಡಿಸುತ್ತಲೇ ಹೇಳಿದರು.

"ಇವರಪ್ಪಗಿಂತ ಮದಲು ನನಗ ಇನ್ನೊಂದು ಗಂಡಸ ಮಗಾ ಇತ್ತವಾ. ಐದು ವರ್ಸದ್ದು. ಒಂದಿನಾ ನೀರಿಗೆ ಹೋದಾಗ ಒಬ್ಬಾಕಿ ಕೇಳಿದ್ಲು, ಮಗಾ ಉಂಡನೇನ ಅಂತ. ನನಗ ಹುರುಪ. ಎರಡ ರೊಟ್ಟಿ ಉಂಡಾನ, ಹೊಟ್ಟಿ ತುಂಬ ಉಂಡಾನ ಅಂದೆ. ಸಂಜಿಕ ವಾಂತಿಭೇದಿ ಹತ್ತಿದ್ವು. ನೀರು ಕೊಟ್ರ ಹೆಚ್ಚಾಕೈತಿ ಅಂದ್ರು ಹಿರ್ಯಾರು. ಅಂವ ನೀರು ನೀರು ಅಂದ. ಮರದಿನಾ ಮುಂಜಾನೆ..." ಅವರು ಹತ್ತಿಯ ಬುಟ್ಟಿ ಸರಿಸಿದರು. "ಈ ಬಾಯಿಂದ ಅಂದಿದ್ನೆವಾ. ನನ್ನ ಬಾಯೇ ನುಂಗಿತು ಅವನ್ನ."

ಕಾರಣ ನನಗೆ ತಿಳಿದಿತ್ತು. ಮಗುವನ್ನು ಒಯ್ದದ್ದು ಮಾತಲ್ಲ, ಕೊಡದೆ ಉಳಿದ ನೀರು. ಇಂಥ ಮನೆಗಳಲ್ಲಿ ಅದನ್ನು ಹೇಳುವುದೇ ನನ್ನ ನೌಕರಿ. ಭೇದಿಯಾದಾಗ ನೀರು ನಿಲ್ಲಿಸಬೇಡಿ ಎಂದು ನಾಲ್ಕೂ ತಾಲ್ಲೂಕುಗಳಲ್ಲಿ ಗಂಟಲು ಹರಿದುಕೊಂಡಿದ್ದೆ. ಆದರೆ ಈ ಮುದುಕಿಯ ಮಾತಿನ ಮೇಲಿದ್ದ ಅಪರಾಧವನ್ನು ಎತ್ತಿ, ಆಕೆ ಅಂದು ಕೊಡದ ನೀರಿನ ತಂಬಿಗೆಯ ಮೇಲೆ ಇಡಬೇಕೇ? ನನ್ನಿಂದಾಗಲಿಲ್ಲ. ಬೇರೆ ಪ್ರಶ್ನೆ ಕೇಳಿದೆ.

"ಆಗ ಊರಾಗ ಬ್ಯಾರೆ ಮನ್ಯಾಗೂ ವಾಂತಿಭೇದಿ ಇತ್ತೇನ್ರಿ?"

"ಇತ್ತವಾ. ಕೆಳಗಿನ ಓಣ್ಯಾಗ ಎಷ್ಟೋ ಕೂಸು ಹೋದ್ವು."

"ಆ ತಾಯಂದ್ರು ಎಲ್ಲಾರೂ ನಮ್ಮ ಕೂಸು ಹೊಟ್ಟಿ ತುಂಬ ಉಂಡೈತಿ ಅಂತ ಅಂದಿದ್ರೇನ್ರಿ ಆಯಿ?"

ಆಯಿ ನನ್ನನ್ನು ನೋಡಿದರು. ಕೆಳಗಿನ ಓಣಿಯಲ್ಲಿ ಹೊಟ್ಟೆ ತುಂಬ ಉಂಡೆವು ಎನ್ನುವ ಹಾಗೆ ಯಾವ ಕೂಸೂ ಉಂಡಿರಲಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಹತ್ತಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ನಾನು ಕೆಟ್ಟೆ ಎಂದುಕೊಂಡೆ.

ಸಂಜೆ ಹೊರಡಲು ಎದ್ದಾಗ ಆಯಿ ಕಾಡಿಗೆಯ ಭರಣಿ ಹಿಡಿದು ಬಂದರು. ಮೊಮ್ಮಗನನ್ನು ಹತ್ತಿರ ಎಳೆದುಕೊಂಡು ಬಲಗಿವಿಯ ಹಿಂದೆ ಕಪ್ಪಗೆ ಒಂದು ಬೊಟ್ಟು ಇಟ್ಟರು. ಪರರ ಕಣ್ಣ ಮುಂದೆ ಇಡೀ ದಿನ ಉಂಡಿದ್ದಾನಲ್ಲ. "ನಿನ್ನ ಕಣ್ಣ ಅಂತ ಅಲ್ಲವಾ, ಯಾರದರ ಕಣ್ಣು," ಎಂದು ನನಗೆ ಸಮಾಧಾನವನ್ನೂ ಹೇಳಿದರು.

ಆ ಬೊಟ್ಟನ್ನು ನೋಡುತ್ತ ನಿಂತೆ. ಆ ಇಡೀ ದಿನದಲ್ಲಿ ಹುಡುಗ ಉಂಡಿದ್ದಾನೆ ಎಂದು ಆ ಮನೆಯಲ್ಲಿ ಒಪ್ಪಿಕೊಂಡದ್ದು ಅದೊಂದೇ.

"ಆಯಿ," ಎಂದೆ, "ಉಂಡಾನ ಅಂತ ಯಾರೂ ಬಾಯಿಲೆ ಹೇಳೂದು ಬ್ಯಾಡ. ಯಾರು ಉಣಸ್ತಾರೋ ಅವರು ಉಣಿಸಿದ ಕೂಡ್ಲೆ ಕಿವಿ ಹಿಂದ ಒಂದು ಬೊಟ್ಟ ಇಡ್ಲಿ. ಮುಂಜಾನಿಗೆ ಒಂದು, ಮಧ್ಯಾನಕ್ಕ ಒಂದು, ಸಂಜಿಕ ಒಂದು. ಆ ಹೊತ್ತಿನ ಬೊಟ್ಟು ಇತ್ತಂದ್ರ ಇನ್ನೊಬ್ಬರು ಕೊಡಬಾರದು. ಮರದಿನಾ ಜಳಕದಾಗ ತೊಳದ ಬಿಡ್ರಿ."

ನಾನು ಕಡಿಮೆ ಮಾಡಿ ಎನ್ನಲಿಲ್ಲ. ತೂಕ ಇಳಿಸುವುದೂ ಬೇಕಿರಲಿಲ್ಲ, ಬೆಳೆಯುವ ಮಗುವಿನ ತೂಕ ನಿಂತರೆ ಸಾಕು, ಎತ್ತರ ಬಂದು ಅದನ್ನು ಸರಿಮಾಡಿಕೊಳ್ಳುತ್ತದೆ.

ಆಯಿ ಭರಣಿಯ ಮುಚ್ಚಳ ತಿರುವುತ್ತ ಯೋಚಿಸಿದರು. "ಖರೇನ. ದೃಷ್ಟಿ ಆಗೂದು ಉಂಡಾಗ. ಉಂಡ ಮ್ಯಾಲ ಬೊಟ್ಟ ಇಡೂದು ಬರೋಬ್ಬರಿ ಐತಿ," ಎಂದರು. ಅವರು ಒಪ್ಪಿದ್ದು ತಮ್ಮ ಕಾರಣಕ್ಕೆ, ನಾನು ಹೇಳಿದ್ದು ನನ್ನ ಕಾರಣಕ್ಕೆ. ಬೊಟ್ಟು ಒಂದೇ. ವರದಿಯಲ್ಲಿ ಮಾತ್ರ 'ಆಹಾರ ಸಲಹೆ ನೀಡಲಾಯಿತು' ಎಂದಷ್ಟೇ ಬರೆದೆ. ಕಾಡಿಗೆಯ ವಿಷಯ ಬರೆದಿದ್ದರೆ ಸಾಹೇಬರು ಕನ್ನಡಕವನ್ನು ನೆತ್ತಿಗೇ ಏರಿಸುತ್ತಿದ್ದರು.

ಮುಂದಿನ ತಿಂಗಳು ವಾಡೆಯ ಬಾಗಿಲು ಹಾಕಿಕೊಂಡು, ಮನೆಯದೇ ತಕ್ಕಡಿಯಲ್ಲಿ ಹುಡುಗನನ್ನು ತೂಗಿದೆ. ಮತ್ತೆ ಏರಿತ್ತು! ಅವ್ವನ ಕಣ್ಣಲ್ಲಿ ನೀರು ಬಂತು. ಹೇಳಿದ ಹಾಗೇ ಮಾಡಿದ್ದೇವೆ, ಬೊಟ್ಟಿದ್ದರೆ ಯಾರೂ ಕೊಟ್ಟಿಲ್ಲ, ಆದರೆ ಸಂಜೆಗೆ ನೋಡಿದರೆ ಎಷ್ಟೋ ದಿನ ಬೊಟ್ಟೇ ಇರುವುದಿಲ್ಲ ಎಂದಳು. ನಾನು ಹುಡುಗನ ಬಲಗೈ ತಿರುಗಿಸಿ ನೋಡಿದೆ. ತೋರುಬೆರಳ ತುದಿ ಕಪ್ಪಗಿತ್ತು. ಕಳ್ಳ, ಉಗುಳು ಹಚ್ಚಿ ಒರೆಸಿಕೊಂಡು ಇನ್ನೊಬ್ಬರ ಮುಂದೆ ಹೋಗಿ ನಿಲ್ಲುತ್ತಿದ್ದ.

ಸಿಟ್ಟು ಬಂದು ಕಿವಿ ಹಿಂಡಿದೆ. ಅವನು ಬಿಕ್ಕುತ್ತ ಹೇಳಿದ, "ಹಸಿವ ಆಗತೈತ್ರಿ ಬಾಯಾರ. ಖರೇನ ಹಸಿವ ಆಗತೈತಿ."

ಕಿವಿ ಬಿಟ್ಟೆ. ನಾಲ್ಕು ಊಟಕ್ಕೆ ಹಿಗ್ಗಿದ ಹೊಟ್ಟೆ ಒಂದಕ್ಕೆ ಸುಮ್ಮನಾಗುತ್ತದೆಯೇ? ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಹೆಂಗಸರನ್ನೆಲ್ಲ ಕೂಡಿಸಿಕೊಂಡು ತಾಟು ಬಡಿಸುವ ಕ್ರಮವನ್ನೇ ತಿರುಗಿಸಿದೆವು. ಮೊದಲು ಒಂದು ಬಟ್ಟಲು ಸವತೆಕಾಯಿ, ಮೊಳಕೆ ಹೆಸರು. ಆಮೇಲೆ ಪುಂಡಿಸೊಪ್ಪಿನ ಪಲ್ಲೆಯೋ ಮೆಂತ್ಯಪಲ್ಲೆಯೋ ತಾಟಿನ ಅರ್ಧ. ರೊಟ್ಟಿ ಕೊನೆಗೆ. ಬೆಣ್ಣೆ ತೆಗೆದ ಮಜ್ಜಿಗೆ ಬೇಕಾದಷ್ಟು, ನಡುವೆ ಹಸಿವಾದರೂ ಅದೇ. ಹೋಳಿಗೆ ಹಬ್ಬಕ್ಕೆ. "ಬೆಣ್ಣಿ ಎಲ್ಲಿ ಹೋಗಬೇಕ ಮತ್ತ?" ಎಂದಳು ದೊಡ್ಡವ್ವ. ಆಳುಮಗನ ಮಗಳ ರೊಟ್ಟಿಗೆ ಎಂದು ನಾನು ಹೇಳುವ ಮೊದಲೇ ಆಯಿ ಗದರಿದರು, "ಮನ್ಯಾಗ ದುಡಿಯೂ ಮಂದಿ ಇಲ್ಲೇನ?"

ಇನ್ನುಳಿದದ್ದು ನಡಿಗೆ. ಮೊದಲ ವಾರ ಶಾಲೆಯ ದಾರಿಯ ಹುಣಸೆಮರದ ತನಕ ನಡೆದು, ಅಲ್ಲಿಂದ ಮುಂದೆ ಹೆಗಲು. ಆಮೇಲೆ ಹನುಮಪ್ಪನ ಗುಡಿಯ ತನಕ. ಬೇಸಿಗೆ ಕಳೆದು ಸಾಲೆ ಶುರುವಾಗುವ ಹೊತ್ತಿಗೆ ಸಾಲೆಯ ಬಾಗಿಲ ತನಕ. ಆಳುಮಗ ಬರಿಗೈಯಲ್ಲಿ ಪಕ್ಕದಲ್ಲಿ ನಡೆಯುತ್ತಿದ್ದ. "ಹೆಗಲ ಖಾಲಿ ಆಗಿ ಒಂಥರಾ ಬ್ಯಾಸರ ಆಕೈತ್ರಿ," ಎಂದು ನನಗೆ ಹೇಳಿ ನಕ್ಕ. ಬೆರಳಿನ ಕಪ್ಪಿನ ವಿಷಯವನ್ನು ನಾನು ಮತ್ತೆ ಎತ್ತಲಿಲ್ಲ. ಒರೆಸಿದರೆ ಆಯಿಗೆ ಗೊತ್ತಾಗದೇ ಇರಬಹುದು, ಮೊಣಕಾಲಿಗೆ ಗೊತ್ತಾಗುತ್ತದೆ, ಫೇರಿ ನಡೆಯುವುದು ಮೊಣಕಾಲು ಎಂದಷ್ಟೇ ಹುಡುಗನಿಗೆ ಹೇಳಿದ್ದೆ. ಒಂದು ದಿನ ಅವನೇ ಬಂದು ಕಿವಿ ಬಾಗಿಸಿ ಬೊಟ್ಟು ತೋರಿಸಿದ.

ಬೇವಿನ ಕೆಳಗೂ ಕೂಸುಗಳು ಮರಳಿದವು. ವಾಡೆಯ ಹುಡುಗನ ಬೊಟ್ಟಿನ ಸುದ್ದಿ ಓಣಿ ಓಣಿ ಮುಟ್ಟಿತ್ತು. ಕಳೆ ಕಸ ತೆಗೆಯಲು ಹೊಲಕ್ಕೆ ಹೋಗುವ ಹೆಂಗಸರು ಅದನ್ನು ತಿರುವಿ ಬಳಸಿದರು. ಆಳುಮಗನ ಮನೆಯಲ್ಲಿ ಅಜ್ಜಿ ಅಕ್ಕ ಉಣಿಸಿದಳೆಂದು, ಅಕ್ಕ ಅಜ್ಜಿ ಉಣಿಸಿದಳೆಂದು ತಿಳಿದು ಆ ಎರಡು ವರ್ಷದ ಕೂಸು ಬರಿ ಹೊಟ್ಟೆಯಲ್ಲಿ ಮಲಗುತ್ತಿತ್ತು. ಈಗ ಹೊಲದಿಂದ ಬಂದ ತಾಯಿ ಮೊದಲು ನೋಡುವುದು ಕಿವಿಯ ಹಿಂದೆ. ಬೊಟ್ಟು ಇಲ್ಲದಿದ್ದರೆ ಕೈ ತೊಳೆದು ಮೊದಲು ಉ‍ಣಿಸುತ್ತಾಳೆ. ಏನೂ ತಿನ್ನವಲ್ಲಳು ಎಂದು ಅವಳು ನನಗೆ ಮೊದಲ ಸಲ ಹೇಳಿದ್ದು ನಿಜವೇ ಆಗಿತ್ತು. ನೂರು ಸುಳ್ಳುಗಳ ನಡುವೆ ಅದು ನನಗೆ ಕೇಳಿಸಿರಲಿಲ್ಲ. ಆ ಕೂಸಿನ ತೋಳು ಮಳೆಗಾಲದ ಹೊತ್ತಿಗೆ ತೋಳಿನಂತೆ ಕಾಣತೊಡಗಿತು.

ಹುಡುಗನ ತೂಕ ಜೂನ್‌ನಲ್ಲಿ ನಿಂತಿತು. ಜುಲೈನಲ್ಲೂ ಅಷ್ಟೇ, ಎತ್ತರ ಮಾತ್ರ ಒಂದು ಬೆರಳು ಏರಿತ್ತು. ಹಿಮ್ಮಡಿಗಳ ನಡುವೆ ನನ್ನ ಗೇಣು ಈಗ ಬಿಗಿಯಾಗಿ ಹಿಡಿಯುತ್ತಿತ್ತು. ಸೊಲ್ಲಾಪುರದ ಡಾಕ್ಟರು ಹೊಸ ಚಿತ್ರ ನೋಡಿ, ಇದು ಹೀಗೇ ನಡೆಯಲಿ, ಕತ್ತರಿಸುವ ಮಾತು ಸದ್ಯ ಬೇಡ ಎಂದರು.

ಆಗಸ್ಟ್ ಹದಿನೈದರ ಬೆಳಿಗ್ಗೆ ನಮ್ಮ ಜೀಪು ಎರಿಮಣ್ಣಿನಲ್ಲಿ ಹೂತು, ನಾನು ಸೀರೆ ಎತ್ತಿ ಕಟ್ಟಿ ಕೆಸರು ತುಳಿದುಕೊಂಡು ಊರು ಮುಟ್ಟುವ ಹೊತ್ತಿಗೆ ಫೇರಿ ಹೊರಟಾಗಿತ್ತು. ಮುಂದೆ ಮಾಸ್ತರು, ಹಿಂದೆ ಎರಡು ಸಾಲು ಮಕ್ಕಳು. ನಡುವೆ ಎಲ್ಲೋ ನಮ್ಮ ಹುಡುಗ, ಕೈಯಲ್ಲಿ ಕಾಗದದ ಧ್ವಜ, ಹಣೆಯಲ್ಲಿ ಬೆವರು. ಸಾಲಿಗಿಂತ ಅರ್ಧ ಹೆಜ್ಜೆ ಹಿಂದೆ ಬೀಳುತ್ತಿದ್ದ, ಓಡಿ ಕೂಡಿಕೊಳ್ಳುತ್ತಿದ್ದ. ಓಡುತ್ತಿದ್ದ! ಆಳುಮಗ ಗೋಡೆಯ ಬದಿಯಲ್ಲಿ ತಾನೂ ಕೂಡಿ ನಡೆಯುತ್ತಿದ್ದ, ಬೀಳುವ ಮುಂಚೆ ಹಿಡಿಯಲು ಎರಡೂ ಕೈ ಮುಂದೆ ಮಾಡಿಕೊಂಡು.

ಫೇರಿ ವಾಡೆಯ ಮುಂದೆ ಬಂತು. ಕಟ್ಟೆಯ ಮೇಲೆ ಆಯಿ, ಹಿಂದೆ ಇಬ್ಬರೂ ಸೊಸೆಯರು, ಮಗಳು. ಎದುರು ಮನೆಯಾಕೆ ಹಿತ್ತಾಳೆ ತಾಟಿನಲ್ಲಿ ಶೇಂಗಾ ಉಂಡಿ ಹಿಡಿದು ಓಡಿ ಬಂದು ಹುಡುಗನ ಗದ್ದ ಹಿಡಿದಳು. "ತಗೋ ನನ್ನಪ್ಪಾ, ಮಾರಿ ಬಾಡೈತಿ. ಮುಂಜಾಲಿಂದ ಏನೂ ತಿಂದಿಲ್ಲಲ್ಲಾ?" ಎಂದು ಕಟ್ಟೆಯ ಕಡೆ ನೋಡಿದಳು. ಅದಕ್ಕೆ ಉತ್ತರ ಒಂದೇ ಇತ್ತು, ಊರಿಗೆಲ್ಲ ಗೊತ್ತಿದ್ದ ಉತ್ತರ. ಸೋದರತ್ತೆ ಅದನ್ನು ಹೇಳಲು ಬಾಯಿ ತೆರೆದೂ ಇದ್ದಳು.

ಆಯಿ ಕೈ ಎತ್ತಿ ಅವಳನ್ನು ತಡೆದರು. ಕಂಬ ಹಿಡಿದು ಎದ್ದು ನಿಂತರು.

"ಬ್ಯಾಡವಾ," ಎಂದರು. ಅದು ಓಣಿಗೆಲ್ಲ ಕೇಳಿಸಿತು. "ಎರಡ ರೊಟ್ಟಿ ಉಂಡಾನ. ಹೊಟ್ಟಿ ತುಂಬ ಉಂಡಾನ."

ಎದುರು ಮನೆಯಾಕೆಯ ತಾಟು ಹಾಗೇ ನಿಂತಿತು. ಸೊಸೆಯರು ಒಬ್ಬರ ಮುಖ ಒಬ್ಬರು ನೋಡಿದರು. ಆ ಮಾತು ಕೊನೆಯ ಸಲ ಆಯಿಯ ಬಾಯಿಂದ ಬಂದದ್ದು ಯಾವಾಗ ಎಂದು ಅಲ್ಲಿ ನನಗೆ ಗೊತ್ತಿತ್ತು, ಆಯಿಗೆ ಗೊತ್ತಿತ್ತು. ಆಯಿ ಕಂಬವನ್ನು ಎರಡೂ ಕೈಯಿಂದ ಹಿಡಿದು, ರೆಪ್ಪೆ ಬಡಿಯದೆ ಮೊಮ್ಮಗನ ಬೆನ್ನನ್ನೇ ನೋಡುತ್ತಿದ್ದರು. ನಾನು ಕೆಸರುಗಾಲಲ್ಲೇ ಕಟ್ಟೆ ಹತ್ತಿ ಅವರ ಪಕ್ಕ ನಿಂತೆ.

ಹುಡುಗನಿಗೆ ಇದಾವುದರ ಪರಿವೆಯೂ ಇರಲಿಲ್ಲ. ಸಾಲು ಮುಂದೆ ಹೋಗಿಬಿಟ್ಟಿತ್ತು. ಓಡಿ ಕೂಡಿಕೊಂಡು, ಉಸಿರು ಎಳೆದು, ಧ್ವಜ ಎತ್ತಿ ಕೂಗಿದ:

"ಭಾರತ ಮಾತಾಕಿ!"

ಓಣಿಯ ತಿರುವಿನಲ್ಲಿ ಇಡೀ ಸಾಲು ಅವನಿಗೆ ಜೈ ಎಂದಿತು.